ಫ್ಲಾಪಿ ಎಮು: ಹಳೆಯ ಆಪಲ್ ಟೂ ಇ ಯಂತ್ರದ ದೋಷ ಎಲ್ಲಿದೆಯೆಂದು ತೋರಿಸಿಕೊಟ್ಟ ಸಾಧನ

ಫ್ಲಾಪಿ ಎಮು ಎಂಬುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಸರ್ಕ್ಯೂಟ್ ಬೋರ್ಡು. ಹಳೆಯ ಆಪಲ್ ಕಂಪ್ಯೂಟರಿಗೆ ಫ್ಲಾಪಿ ಡ್ರೈವನ್ನು ಜೋಡಿಸುವ ಜಾಗದಲ್ಲಿ ಇದನ್ನು ಜೋಡಿಸಿದರೆ, ಎಸ್‌ಡಿ ಕಾರ್ಡಿನಲ್ಲಿರುವ ಡಿಸ್ಕ್ ಇಮೇಜ್ ಕಡತಗಳನ್ನು, ಅಂದರೆ ಇಡೀ ಫ್ಲಾಪಿಯ ಪಡಿಯಚ್ಚಾಗಿರುವ ಕಡತಗಳನ್ನು, ಕಂಪ್ಯೂಟರು ನಿಜವಾದ ಫ್ಲಾಪಿಯೆಂದೇ ತಿಳಿದು ಓದುತ್ತದೆ, ಅವುಗಳ ಮೇಲೆ ಬರೆಯುತ್ತದೆ. ಬಿಗ್ ಮೆಸ್ ಓ ವೈರ್ಸ್ ಎಂಬ ಹೆಸರಿನಲ್ಲಿ ಸ್ಟೀವ್ ಚೇಂಬರ್ಲಿನ್ ಅವರು ರೂಪಿಸಿದ ಈ ಬೋರ್ಡನ್ನು ಹೆಚ್ಚಿನವರು ಕೆಟ್ಟ ಡ್ರೈವಿಗೆ ಬದಲಿಯಾಗಿ ಕೊಳ್ಳುತ್ತಾರೆ. ನಾನೂ ಹಾಗೆಯೇ ಕೊಂಡೆ. ಆದರೆ ಕೆಲವು ತಿಂಗಳು ಬಳಸಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ದೋಷವು ಕಂಪ್ಯೂಟರಿನಲ್ಲಿದೆಯೋ, ವಿಸ್ತರಣಾ ಕಾರ್ಡಿನಲ್ಲಿದೆಯೋ ಅಥವಾ ಹೊರಗಿನ ಡ್ರೈವಿನಲ್ಲಿದೆಯೋ ಎಂದು ಬೇರ್ಪಡಿಸಿ ತೋರಿಸುವುದರಲ್ಲೇ ಇದರ ನಿಜವಾದ ಬೆಲೆ ಇದೆ.

ನಾನು ವಾಸವಾಗಿರುವ ಸಾನ್ ಹೋಸೆಯ ಸುತ್ತಮುತ್ತ ಹಳೆಯ ಎಲೆಕ್ಟ್ರಾನಿಕ್ಸ್ ಸಾಮಾನುಗಳ ಸಂತೆಗಳು ನಡೆಯುತ್ತವೆ. ಅಂಥ ಒಂದು ಸಂತೆಯಲ್ಲಿ ಆಪಲ್ ಟೂ ಇ ಯಂತ್ರ, ಡಿಸ್ಕ್ ಟೂ ಎಂಬ ಫ್ಲಾಪಿ ಡ್ರೈವುಗಳ ಒಂದು ಜೋಡಿ ಹಾಗೂ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದ್ದ ನಾಲ್ಕೈದು ಕಾರ್ಡುಗಳು ನನಗೆ ಒಟ್ಟಿಗೆ ಸಿಕ್ಕವು. ಟೂ ಇ ಮಾರುಕಟ್ಟೆಗೆ ಬಂದದ್ದು 1983ರ ಜನವರಿಯಲ್ಲಿ. ಡಿಸ್ಕ್ ಟೂ ಡ್ರೈವು 1978ರದು. ಮನೆಗೆ ತಂದು ಚಾಲೂ ಮಾಡಿದಾಗ ಪರದೆಯ ಮೇಲ್ಭಾಗದಲ್ಲಿ ಆಪಲ್ ಎಂಬ ಹೆಸರು ಮೂಡಿತು, ಡ್ರೈವಿನ ಹೆಡ್ (ಫ್ಲಾಪಿಯನ್ನು ಓದುವ ಭಾಗ) ಹಿಂದಕ್ಕೆ ಸರಿದು ತಡೆಗೆ ಬಡಿಯುವ ಆ ಪರಿಚಿತ ಗಟಗಟ ಸದ್ದು ಕೇಳಿಸಿತು, ಕೆಂಪು ದೀಪ ಹೊತ್ತಿತು, ಆಮೇಲೆ ಡ್ರೈವು ಸುಮ್ಮನೆ ಸುತ್ತುತ್ತಲೇ ಇತ್ತು. ಎರಡನೆಯ ಡ್ರೈವನ್ನು ಅದರ ಜಾಗಕ್ಕೆ ಜೋಡಿಸಿದಾಗಲೂ ಅದೇ ಆಯಿತು. ಎರಡು ಡ್ರೈವುಗಳಲ್ಲೂ ಒಂದೇ ಲಕ್ಷಣ ಕಂಡರೆ ಯಾರಿಗೇ ಆದರೂ ಅನುಮಾನ ಬರುವುದು ಡ್ರೈವುಗಳನ್ನು ನಡೆಸುವ ಕಂಟ್ರೋಲರ್ ಕಾರ್ಡಿನ ಮೇಲೆ. ನನ್ನ ಅನುಮಾನವೂ ಅಲ್ಲಿಗೇ ಹೋಯಿತು, ಮತ್ತು ಅದು ತಪ್ಪಾಗಿತ್ತು.

ಎಮುವನ್ನು ಜೋಡಿಸುವ ಮೊದಲು ಮಾಡಲೇಬೇಕಾದ ಕೆಲವು ಕೆಲಸಗಳಿವೆ. ಈ ಯಂತ್ರಗಳ ಪವರ್ ಸಪ್ಲೈಯಲ್ಲಿ ಮುಖ್ಯ ವಿದ್ಯುತ್ತಿನ ಸೋಸುವಿಕೆಗೆಂದು ಇಟ್ಟಿರುವ ಕಾಗದದ ಪದರದ ಕೆಪಾಸಿಟರು ದಶಕಗಳು ಕಳೆದ ಮೇಲೆ ಬಿರುಕುಬಿಟ್ಟು, ಒಂದು ದಿನ ದಟ್ಟ ಹೊಗೆ ಕಾರಿ ಸುಡುವುದುಂಟು. ಅದನ್ನು ಬದಲಾಯಿಸಿಯೇ ಮುಂದುವರಿಯಬೇಕು. ಮದರ್‌ಬೋರ್ಡಿನ ಮೇಲೆ ಕಾರ್ಡುಗಳನ್ನು ಕೂರಿಸುವ ಸ್ಲಾಟುಗಳ ಬಳಿ ಒಂದು ಪುಟ್ಟ ಕೆಂಪು ದೀಪವಿದೆ. ಅದು ಉರಿಯುತ್ತಿರುವಾಗ ಯಾವ ಕಾರ್ಡನ್ನೂ ಕೀಳಬಾರದು, ಹಾಕಲೂಬಾರದು. ನಾನು ಎಲ್ಲ ಕಾರ್ಡುಗಳನ್ನೂ ತೆಗೆದಿಟ್ಟು, ಕಂಟ್ರೋಲ್, ತುಂಬಿದ ಆಪಲ್ ಚಿತ್ರದ ಕೀಲಿ ಮತ್ತು ರೀಸೆಟ್ ಈ ಮೂರನ್ನೂ ಒಟ್ಟಿಗೆ ಒತ್ತಿ ಸ್ವಯಂಪರೀಕ್ಷೆ ನಡೆಸಿದೆ. ‘ಕರ್ನೆಲ್ ಓಕೆ’ ಎಂಬ ಉತ್ತರ ಬಂತು. 1985ರ ಸುಧಾರಿತ ಮಾದರಿಯಾಗಿದ್ದರೆ ‘ಸಿಸ್ಟಮ್ ಓಕೆ’ ಎಂದು ಬರುತ್ತಿತ್ತು.

ಬಳಿಕ ಕಾರ್ಡುಗಳನ್ನು ಒಂದೊಂದಾಗಿ ಹಾಕುತ್ತಾ ಬಂದಾಗ ಮೊದಲ ಗೊಂದಲ ಬಯಲಾಯಿತು. ಹಿಂದಿನ ಮಾಲೀಕರು ಪ್ರಿಂಟರು, ಮೋಡೆಮ್‌ಗಳನ್ನು ಜೋಡಿಸುವ ಸೂಪರ್ ಸೀರಿಯಲ್ ಕಾರ್ಡನ್ನು ಮೂರನೆಯ ಸ್ಲಾಟಿನಲ್ಲಿ ಇಟ್ಟಿದ್ದರು, ಆಕ್ಸಿಲಿಯರಿ ಸ್ಲಾಟಿನಲ್ಲಿ ಪರದೆಯಲ್ಲಿ ಸಾಲಿಗೆ 80 ಅಕ್ಷರ ತೋರಿಸುವ 80 ಕಾಲಮಿನ ಕಾರ್ಡೂ ಇತ್ತು. ಟೂ ಇ ಯಂತ್ರದಲ್ಲಿ 80 ಕಾಲಮಿನ ಕಾರ್ಡು ಇದ್ದಾಗ ಮೂರನೆಯ ಸ್ಲಾಟಿನ ವಿಳಾಸದಲ್ಲಿ ಯಂತ್ರದ ಒಳಗಿನ ರೋಮ್ (ಅಳಿಯದ ಪ್ರೋಗ್ರಾಮಿರುವ ಚಿಪ್ಪು) ಕಾಣಿಸಿಕೊಳ್ಳುತ್ತದೆ. ಆ ಸ್ಲಾಟಿನಲ್ಲಿರುವ ಕಾರ್ಡಿನ ರೋಮ್ ಕಂಪ್ಯೂಟರಿಗೆ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಕಾರ್ಡನ್ನು ಎರಡನೆಯ ಸ್ಲಾಟಿಗೆ ಬದಲಿಸಿದೊಡನೆ ಅದು ಕೆಲಸ ಮಾಡಿತು. ಕೆಟ್ಟುಹೋಗಿದೆ ಎಂದು ಪೆಟ್ಟಿಗೆಗೆ ಸೇರಿದ ಎಷ್ಟು ಒಳ್ಳೆಯ ಕಾರ್ಡುಗಳ ಹಣೆಬರಹ ಹೀಗೆ ಆಗಿರಬಹುದೋ!

ಇನ್ನು ಡ್ರೈವಿನ ವಿಷಯ. ಕಂಟ್ರೋಲರ್ ಕಾರ್ಡು ವಾಡಿಕೆಯಂತೆ ಆರನೆಯ ಸ್ಲಾಟಿನಲ್ಲಿರುತ್ತದೆ. ಅದರ ಮೇಲೆ ಎರಡು ಡ್ರೈವುಗಳಿಗೆಂದು 20 ಪಿನ್ನಿನ ಎರಡು ಸಾಲುಗಳಿವೆ. ಅವುಗಳ ಸುತ್ತ ಕಾಪಿನ ಅಂಚಿಲ್ಲ, ತಪ್ಪು ಜೋಡಣೆಯನ್ನು ತಡೆಯುವ ಗುರುತಿನ ಕಚ್ಚೂ ಇಲ್ಲ. ರಿಬ್ಬನ್ ಕೇಬಲಿನ ತುದಿ ಒಂದೇ ಒಂದು ಜೊತೆ ಪಿನ್ನಿನಷ್ಟು ಪಕ್ಕಕ್ಕೆ ಸರಿದು ಕೂತರೂ ಹೋಗಬಾರದ ತಂತಿಗೆ 12 ವೋಲ್ಟ್ ನುಗ್ಗಬಹುದು. ಆದ್ದರಿಂದ ಎಮುವನ್ನು ಜೋಡಿಸುವಾಗ ಟಾರ್ಚ್ ಹಿಡಿದು, ಎರಡೂ ತುದಿಗಳಲ್ಲಿ ಪಿನ್ನು ಹೊರಗುಳಿದಿಲ್ಲವೆಂದು ಬಗ್ಗಿ ನೋಡಿ, ಆಮೇಲೆ ಸ್ವಿಚ್ಚು ಹಾಕಿದೆ. ಬೋರ್ಡಿನ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಿ ಆಪಲ್‌ನ ಕಾರ್ಯವ್ಯವಸ್ಥೆಯಾದ ಡಾಸ್ 3.3ರ ಇಮೇಜನ್ನು ಆರಿಸಿದಾಗ ಪುಟ್ಟ ಪರದೆಯಲ್ಲಿ ಟ್ರ್ಯಾಕ್ (ಫ್ಲಾಪಿಯ ಮೇಲಿನ ವೃತ್ತಾಕಾರದ ಪಥ) ಸಂಖ್ಯೆಗಳು ಒಂದಾದ ಮೇಲೊಂದು ಬದಲಾದವು, ಕ್ಷಣಗಳಲ್ಲಿ ಕಂಪ್ಯೂಟರು ಬೂಟ್ ಆಯಿತು.

ಆ ಒಂದು ಬೂಟಿನಿಂದ ತಿಳಿದ ಸಂಗತಿಗಳು ಹಲವು. ಆರನೆಯ ಸ್ಲಾಟು ಸರಿಯಿದೆ. ಕಾರ್ಡಿನ ರೋಮ್ ಓದಲು ಬರುತ್ತಿದೆ, ಮತ್ತು ಅದು ಪ್ರತಿ ಟ್ರ್ಯಾಕನ್ನು 16 ತುಂಡುಗಳಾಗಿ ಓದುವ 16 ಸೆಕ್ಟರಿನ ರೋಮ್, ಡಾಸ್ 3.3ಕ್ಕಿಂತ ಹಿಂದಿನ ಕಾಲದ 13 ಸೆಕ್ಟರಿನ ರೋಮ್ ಇದ್ದಿದ್ದರೆ ಈ ಇಮೇಜು ಬೂಟ್ ಆಗುತ್ತಿರಲಿಲ್ಲ. ಟ್ರ್ಯಾಕ್ ಸಂಖ್ಯೆ ಬದಲಾದುದರಿಂದ ಹೆಡ್ಡನ್ನು ನಡೆಸುವ ಸಂಕೇತಗಳೂ ಕಾರ್ಡಿನಿಂದ ಸರಿಯಾಗಿ ಹೊರಬರುತ್ತಿವೆ. ಅಂದಮೇಲೆ ಎರಡೂ ಡ್ರೈವುಗಳು ಕೆಟ್ಟಿವೆ, ಬಹುಶಃ ಬೇರೆ ಬೇರೆ ಕಾರಣಗಳಿಂದ. ಒಂದು ಡ್ರೈವಿನ ಬದಲು ಇನ್ನೊಂದನ್ನು ಹಾಕಿ ನೋಡುವ ಎಲ್ಲರಿಗೂ ತಿಳಿದ ಉಪಾಯ ಇಲ್ಲಿ ದಾರಿತಪ್ಪಿಸಿದ್ದು ಈ ಕಾರಣಕ್ಕೇ.

ಎಮುವಿನ ಸಾಕ್ಷ್ಯಕ್ಕೂ ಒಂದು ಮಿತಿಯಿದೆ, ಅದನ್ನು ಕೊಳ್ಳುವವರು ತಿಳಿದಿರಬೇಕು. ಈ ಬೋರ್ಡಿಗೆ ಬೇಕಾಗಿರುವುದು 5 ವೋಲ್ಟ್ ಮಾತ್ರ. ಡಿಸ್ಕ್ ಟೂ ಡ್ರೈವಿನ ಮೋಟಾರು ನಡೆಯುವುದು 12 ವೋಲ್ಟಿನಲ್ಲಿ. ಪವರ್ ಸಪ್ಲೈಯ 12 ವೋಲ್ಟು ಕುಸಿದಿದ್ದರೂ ಎಮು ನೆಮ್ಮದಿಯಾಗಿ ಬೂಟ್ ಮಾಡಿಸುತ್ತದೆ, ನಾವು ಡ್ರೈವನ್ನು ಅನ್ಯಾಯವಾಗಿ ದೂರುತ್ತೇವೆ. ಹೀಗಾಗಿ ನಾನು ಡ್ರೈವುಗಳನ್ನು ಬಿಚ್ಚುವ ಮೊದಲು, ಡ್ರೈವು ತಿರುಗುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಅಳೆದು ನೋಡಿದೆ. 12 ವೋಲ್ಟು ಸರಿಯಾಗಿಯೇ ಇತ್ತು.

ಎರಡನೆಯ ಡ್ರೈವಿನ ಹೆಡ್ಡಿನ ಮೇಲೆ ಕಂದು ಬಣ್ಣದ ಪುಡಿ ಕಟ್ಟಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಡ್ರೈವನ್ನು ಮಗುಚಿ ಹಾಕಿದೆ. ಅಡಿಯಲ್ಲಿರುವ ಚಕ್ರದ ಮೇಲೆ 50 ಮತ್ತು 60 ಹರ್ಟ್ಜ್ ವಿದ್ಯುತ್ತಿಗೆ ಬೇರೆ ಬೇರೆಯಾಗಿ ಕಪ್ಪು ಗೆರೆಗಳ ಎರಡು ವೃತ್ತಗಳಿವೆ. ಚಕ್ರವು ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ಗೆರೆಗಳು ನಿಂತಂತೆ ಕಾಣುತ್ತವೆ. ಈಗಿನ ಹೆಚ್ಚಿನ ಎಲ್‌ಇಡಿ ದೀಪಗಳಲ್ಲಿ ಇದು ತೋರುವುದಿಲ್ಲ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟೇ ಬೇಕು. ನನ್ನ ಡ್ರೈವಿನ ಗೆರೆಗಳು ಮೆಲ್ಲಗೆ ಹಿಂದಕ್ಕೆ ಜಾರುತ್ತಿದ್ದವು, ಅಂದರೆ ವೇಗ ಕಡಿಮೆಯಿತ್ತು. ಮೋಟಾರಿನ ಪುಟ್ಟ ಬೋರ್ಡಿನಲ್ಲಿರುವ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಗೆರೆಗಳು ನಿಂತವು, ಡ್ರೈವು ಓದತೊಡಗಿತು.

ಮೊದಲ ಡ್ರೈವಿಗೆ ಇದ್ಯಾವುದೂ ನಾಟಲಿಲ್ಲ. ಅದರ ಮೇಲ್ಭಾಗದ ಅನಲಾಗ್ ಬೋರ್ಡನ್ನು ತೆಗೆದು, ಈಗ ಸರಿಯಾಗಿದ್ದ ಎರಡನೆಯ ಡ್ರೈವಿಗೆ ಹಾಕಿದಾಗ ಅದೂ ಓದುವುದನ್ನು ನಿಲ್ಲಿಸಿತು. ದೋಷ ಆ ಬೋರ್ಡಿನಲ್ಲೇ ಇತ್ತು. ಕೇಬಲು ಸರಿದು ಕೂತಾಗ ಮೊದಲು ಬಲಿಯಾಗುವುದು 74ಎಲ್‌ಎಸ್125 ಎಂಬ ಚಿಪ್ಪು. ಎಂದೋ ಯಾರೋ ಅವಸರದಲ್ಲಿ ಜೋಡಿಸಿರಬೇಕು. ಒಂದೆರಡು ಡಾಲರಿನ ಹೊಸ ಚಿಪ್ಪಿನಿಂದ ಆ ಡ್ರೈವೂ ಎದ್ದು ಕೂತಿತು. ಎಮು ಇರದಿದ್ದರೆ ನಾನು ಕೆಡದ ಕಂಟ್ರೋಲರ್ ಕಾರ್ಡನ್ನು ಬದಲಿಸಲು ಹಣ ಸುರಿದು, ಕೊನೆಗೂ ಅದೇ ಸುತ್ತುವ ಡ್ರೈವಿನ ಮುಂದೆ ಕೂತಿರುತ್ತಿದ್ದೆ.

ಬಳಕೆಯಲ್ಲಿ ನನ್ನನ್ನು ಕಾಡಿದ್ದು ಕಡತಗಳ ಹೆಸರು. ಒಂದೇ 1,43,360 ಬೈಟಿನ ಇಮೇಜಿನಲ್ಲಿ ಸೆಕ್ಟರುಗಳನ್ನು ಡಾಸ್ ಕ್ರಮದಲ್ಲೂ ಜೋಡಿಸಬಹುದು, ಅದರ ನಂತರ ಬಂದ ಪ್ರೊಡಾಸ್ ಕಾರ್ಯವ್ಯವಸ್ಥೆಯ ಕ್ರಮದಲ್ಲೂ ಜೋಡಿಸಬಹುದು. ಎಮು ಕ್ರಮವನ್ನು ನಿರ್ಧರಿಸಲು ಕಡತದ ಬಾಲದ ಅಕ್ಷರಗಳನ್ನು ನೋಡುತ್ತದೆ. ಪ್ರೊಡಾಸ್ ಕ್ರಮದ ಕಡತಕ್ಕೆ ‘ಪಿಓ’ ಎಂಬುದರ ಬದಲು ‘ಡಿಎಸ್‌ಕೆ’ ಎಂದು ಯಾರಾದರೂ ಹೆಸರಿಟ್ಟಿದ್ದರೆ ಯಂತ್ರ ಬೂಟ್ ಆಗದೆ ನಿಲ್ಲುತ್ತದೆ, ನಮ್ಮ ಸಂಶಯ ಮತ್ತೆ ಕಾರ್ಡಿನತ್ತ ಹರಿಯುತ್ತದೆ. ಪರೀಕ್ಷೆಗೆಂದು ಖಚಿತವಾಗಿ ಬೂಟ್ ಆಗುವ ಒಂದು ಇಮೇಜನ್ನು ಎಸ್‌ಡಿ ಕಾರ್ಡಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಎಮುವಿನ ಬೆಲೆ ನೂರು ಡಾಲರನ್ನು ಮೀರುತ್ತದೆ. ಊರಿಗೆ ತರಿಸಿಕೊಳ್ಳುವವರಿಗೆ ಸಾಗಣೆ ಮತ್ತು ಸುಂಕ ಸೇರುತ್ತದೆ. ಇದನ್ನು ಹಾರ್ಡ್ ಡಿಸ್ಕಿನಂತೆ ಬಳಸಿ 32 ಮೆಗಾಬೈಟಿನ ಪ್ರೊಡಾಸ್ ಡಿಸ್ಕುಗಳನ್ನು ನಡೆಸಲು ಟೂ ಇ ಯಂತ್ರದ ಡಿಸ್ಕ್ ಟೂ ಕಾರ್ಡು ಸಾಲದು, ಸ್ಮಾರ್ಟ್‌ಪೋರ್ಟ್ ಎಂಬ ಆಪಲ್‌ನ ಡ್ರೈವ್ ಸಂಪರ್ಕ ವಿಧಾನ ತಿಳಿದಿರುವ ಬೇರೆ ಕಾರ್ಡು ಬೇಕು. 19 ಪಿನ್ನಿನ ಕನೆಕ್ಟರಿರುವ ಯಂತ್ರಗಳಿಗೆ ಅಡಾಪ್ಟರೂ ಬೇಕಾಗುತ್ತದೆ. ಆ ಕನೆಕ್ಟರು ಜಗತ್ತಿನಲ್ಲೇ ಸಿಗದಂತಾಗಿದ್ದಾಗ, 2016ರಲ್ಲಿ ಚೇಂಬರ್ಲಿನ್ ಮತ್ತು ಇತರ ಕೆಲವು ಹವ್ಯಾಸಿಗಳು ಸೇರಿ 10,000 ಕನೆಕ್ಟರುಗಳನ್ನು ಹೊಸದಾಗಿಯೇ ಮಾಡಿಸಿದರು. ಹಳೆಯ ಯಂತ್ರಗಳನ್ನು ಉಳಿಸಿಕೊಳ್ಳುವವರ ಮೇಲೆ ಆ ಕೆಲಸದ ಋಣ ದೊಡ್ಡದು.

ನನ್ನಲ್ಲಿ ಈಗ ಎಮು ಇರುವುದು ಎರಡನೆಯ ಡ್ರೈವಿನ ಜಾಗದಲ್ಲಿ. ದುರಸ್ತಿಯಾದ ಡಿಸ್ಕ್ ಟೂ ಮೊದಲನೆಯದಾಗಿದೆ. ಡಾಸ್ 3.3ರ ಕಾಪಿಎ ಪ್ರೋಗ್ರಾಮಿನಿಂದ, ಪೆಟ್ಟಿಗೆಯ ಜೊತೆ ಬಂದ ಫ್ಲಾಪಿಗಳನ್ನು ಒಂದೊಂದಾಗಿ ಎಸ್‌ಡಿ ಕಾರ್ಡಿನ ಖಾಲಿ ಇಮೇಜುಗಳಿಗೆ ನಕಲು ಮಾಡುತ್ತಿದ್ದೇನೆ. ಎರಡು ಫ್ಲಾಪಿಗಳು ಮಾತ್ರ ಪ್ರತಿ ಸಲವೂ ಅದೇ ಟ್ರ್ಯಾಕಿನ ಬಳಿ ಬಂದು ನಿಲ್ಲುತ್ತಿವೆ. ಹೆಡ್ಡನ್ನು ಇನ್ನೊಮ್ಮೆ ಒರೆಸಿ, ಮತ್ತೊಂದು ಡ್ರೈವಿನಲ್ಲಿ ಅವನ್ನು ಓದಿಸಿ ನೋಡಬೇಕಿದೆ.