ಅಕ್ವೇರಿಯಂ ಗಿಡವನ್ನು ಕೆರೆಗೂ ಚರಂಡಿಗೂ ಹಾಕಬೇಡಿ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರು ದಯವಿಟ್ಟು ಪೂರ್ತಿ ಓದಿ. ನಮ್ಮೂರ ಕೆರೆಗೆ ಆದದ್ದು ನಿಮ್ಮೂರಿಗೆ ಆಗಬಾರದು.

ಬಾಡಿಗೆಗಿದ್ದ ಯಾರೋ ಮನೆ ಖಾಲಿ ಮಾಡುವಾಗ ಅಕ್ವೇರಿಯಂ ಅನ್ನು ಕೆರೆ ಕಾಲುವೆಗೆ ಸುರಿದು ಹೋದರು. ಮೀನು ಬದುಕಿಕೊಳ್ಳಲಿ ಅಂತಲೇ ಸುರಿದಿರಬೇಕು. ಮೀನಿನ ಜೊತೆ ಸಾಲ್ವೀನಿಯಾನೂ ಹೋಯಿತು.

ಅಂಗಡಿಯಲ್ಲಿ ನೋಡಿದರೆ ಮುದ್ದಾದ ಗಿಡ. ಪುಟ್ಟ ಹಸಿರು ಎಲೆ, ಸುಮ್ನೆ ತೇಲುತ್ತಿರುತ್ತದೆ. ಹತ್ತಿರ ಹಿಡಿದರೆ ಎಲೆ ತುಂಬ ಸಣ್ಣ ಕೂದಲು, ಒಂದೊಂದರ ತುದಿಯೂ ಕಡಗೋಲಿನ ಹಾಗೆ. ಹಾಗಾಗಿ ಎಲೆಗೆ ನೀರೇ ಹತ್ತುವುದಿಲ್ಲ, ಮುಳುಗಿಸಿದರೂ ಮೇಲೇಳುತ್ತದೆ. ಬ್ರೆಜಿಲ್‌ನಿಂದ ಬಂದದ್ದು. ಬೀಜ ಬೇಕಿಲ್ಲ, ಒಂದು ತುಂಡು ಸಾಕು. ಬಿಸಿಲು, ಗೊಬ್ಬರದ ನೀರು ಸಿಕ್ಕರೆ ವಾರದೊಳಗೆ ಎರಡರಷ್ಟಾಗಬಹುದು.

ಮೊದಲು ಒಂದು ಮೂಲೆಯಲ್ಲಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜಾಗ ಸಾಲದಾದಾಗ ಎಲೆಗಳು ಮಡಚಿ ನೆಟ್ಟಗೆ ನಿಂತು, ಒಂದರ ಮೇಲೊಂದು ಹತ್ತಿ, ಕೆರೆಯೇ ಮುಚ್ಚಿಹೋಯಿತು. ಬಿಸಿಲು ನೀರಿಗಿಳಿಯಲಿಲ್ಲ. ಅಡಿಯಲ್ಲಿ ಗಿಡ ಕೊಳೆತು ಆಮ್ಲಜನಕ ಕಡಿಮೆಯಾಯಿತು. ತೂಬಿನ ಹತ್ತಿರ ಉಳಿದಿದ್ದ ಚೂರು ತೆರೆದ ನೀರಿನಲ್ಲಿ ಕಾಟ್ಲಾ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುತ್ತಿದ್ದವು. ಸಂಜೆಗೆ ಸತ್ತು ತೇಲಿದವು. ಕೆರೆ ಗುತ್ತಿಗೆ ಹಿಡಿದವರ ಮೀನುಮರಿಯ ದುಡ್ಡೆಲ್ಲ ನೀರುಪಾಲು. ಆ ಮನೆಯವರ ಮುಖ ನೋಡಲಾಗಲಿಲ್ಲ.

ಊರವರೆಲ್ಲ ಸೇರಿ ಬುಟ್ಟಿಗಟ್ಟಲೆ ತೆಗೆದೆವು. ಬುಟ್ಟಿಯಿಂದ ಉದುರಿದ ತುಂಡುಗಳೇ ಮತ್ತೆ ಹಬ್ಬಿದವು. ಕೋಡಿ ಬಿದ್ದಾಗ ಕೆಳಗಿನ ಕೆರೆಗೂ ಇಳಿಯಿತು.

ಇದನ್ನೇ ತಿನ್ನುವ ಒಂದು ಮೂತಿ ಹುಳು ಇದೆ. 1983–84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟಾಗ 11 ತಿಂಗಳಲ್ಲಿ ಸಾಲ್ವೀನಿಯಾ ಸೋತು, ನೈದಿಲೆ ಮತ್ತೆ ಚಿಗುರಿತ್ತು. ಆದರೆ ಅದು ತಿಳಿದವರು ಮಾಡಬೇಕಾದ ಕೆಲಸ. ಕೃಷಿ ವಿಜ್ಞಾನಿಗಳನ್ನು ಕೇಳಿ, ನೀವೇ ಏನನ್ನೂ ತಂದು ಬಿಡಬೇಡಿ.

ಕ್ಯಾಬೊಂಬಾ ಕೂಡ ಹೀಗೇ ನೀರಲ್ಲಿ ಹಬ್ಬುವ ಅಕ್ವೇರಿಯಂ ಗಿಡವೇ. 2020ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಅದು ಗುಲಾಬಿ ಬಣ್ಣದ ಹೂ ಬಿಟ್ಟಾಗ ಜನ ನೋಡಲು ಮುಗಿಬಿದ್ದರು. ಚೆಂದ ಇದೆ ಅಂತ ಅಂಥ ಗಿಡವನ್ನು ಕಿತ್ತು ತರಬೇಡಿ.

ಬೇಡವಾದ ಗಿಡವನ್ನು ನೀರಿನಿಂದ ದೂರ, ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಗುಂಡಿಯಲ್ಲಿ ಮುಚ್ಚಿ. ತೊಟ್ಟಿಯ ನೀರನ್ನು ತೆಂಗಿನ ಬುಡಕ್ಕೋ ಕುಂಡಕ್ಕೋ ಹಾಕಿ. ಬಲೆಯನ್ನು ಇನ್ನೊಂದು ಕೆರೆಗೆ ಒಯ್ಯುವ ಮುಂಚೆ ಕೊಡವಿ ಒಣಗಿಸಿ. ನಿಮ್ಮ ಕೆರೆಯಲ್ಲಿ ಒಂದು ಹಿಡಿಯಷ್ಟು ಕಂಡರೂ ಆವತ್ತೇ ತೆಗೆಸಿ, ಮುಂದಿನ ವಾರ ಮತ್ತೆ ಹೋಗಿ ನೋಡಿ.