200 ಲೀಟರ್ ಸ್ಟೀಮ್ ಕೆಟಲ್, ನಾಲ್ಕು ವರ್ಷದ ಬಳಕೆ: ಪಾತ್ರೆ ಚಿನ್ನ, ಕಾಟವೆಲ್ಲ ಟ್ರ್ಯಾಪ್‌ದು

ಹಾಸ್ಟೆಲ್ ಅಡುಗೆಮನೆ. ಬೆಳಿಗ್ಗೆ ಹಾಲು, ಎರಡು ಹೊತ್ತು ಹುಳಿ. ಚಕ್ರ ತಿರುಗಿಸಿ ಬಗ್ಗಿಸುವ ಮಾದರಿ.

ಮೊದಲು ಖುಷಿಯ ವಿಷಯ: ಬೇಳೆ ಸೀಯುವುದು ನಿಂತಿದೆ. ಗ್ಯಾಸ್ ಒಲೆಯ ಕೊಪ್ಪರಿಗೆಗೆ ಉರಿಯೆಲ್ಲ ನಡುತಳಕ್ಕೇ ತಾಗುತ್ತದೆ. ಇಲ್ಲಿ ಜಾಕೆಟ್‌ನಲ್ಲಿ, ಅಂದರೆ ಪಾತ್ರೆಯ ಜೋಡಿ ಗೋಡೆಗಳ ನಡುವಿನ ಜಾಗದಲ್ಲಿ, 2 ಬಾರ್ ಒತ್ತಡದ ಹಬೆ ಇದ್ದರೂ ಬಿಸಿ ಸುಮಾರು 134 ಡಿಗ್ರಿ ದಾಟದು, ಅದೂ ಸುತ್ತಲೂ ಸಮನಾಗಿ. ಆಗಾಗ ಕೈಯಾಡಿಸಿದರೆ ಸಾಕು. ಹಾಲಿಗೆ ಅರ್ಧ ಬಾರ್ ಮೀರಬೇಡಿ, ಅಂಚಿನಲ್ಲಿ ಕಚ್ಚಿಕೊಳ್ಳುತ್ತದೆ.

ಬೆಳಗಿನ ಕ್ರಮ ತಪ್ಪಿಸಬಾರದು. ಜಾಕೆಟ್ ತಳದ ಡ್ರೈನ್ ಕಾಕ್ ತೆರೆದು ರಾತ್ರಿಯ ನೀರು ಬಿಡಿ. ಪಾತ್ರೆಗೆ ನೀರು ತುಂಬಿದ ಮೇಲೆ ಸ್ಟೀಮ್ ವಾಲ್ವ್ ಕಾಲು ಸುತ್ತು ಮಾತ್ರ. ಮೊದಲು ನೀರು ಉಗುಳುತ್ತದೆ, ಆಮೇಲೆ ಗಾಳಿ ಬುಸುಗುಡುತ್ತದೆ, ಕೊನೆಗೆ ಒಣ ಹಬೆ. ಆಗ ಕಾಕ್ ಮುಚ್ಚಿ ವಾಲ್ವ್ ನಿಧಾನ ತೆರೆಯಿರಿ. ಅವಸರ ಮಾಡಿದರೆ ಪೈಪಿನೊಳಗೆ ನಿಂತ ನೀರನ್ನು ಹಬೆ ಎತ್ತಿ ಹೊಡೆಯುತ್ತದೆ. ಸುತ್ತಿಗೆ ಬಡಿದಂಥ ಸದ್ದು ಬಂದರೆ ತಕ್ಷಣ ಮುಚ್ಚಿ.

ಈಗ ಟ್ರ್ಯಾಪ್, ಅಂದರೆ ಹಬೆ ತಣಿದು ಆದ ನೀರನ್ನು ಹೊರಬಿಟ್ಟು ಹಬೆಯನ್ನು ತಡೆಹಿಡಿಯುವ ವಾಲ್ವ್. 150 ಲೀಟರ್ ಹುಳಿ ಕುದಿಗೆ ಬರುವಷ್ಟರಲ್ಲಿ ಸುಮಾರು 21 ಕಿಲೋ ಹಬೆ ನೀರಾಗುತ್ತದೆ. ಅಷ್ಟೂ ಹೊರಹೋಗಬೇಕು. ಬಗ್ಗಿಸುವ ಪಾತ್ರೆಯಲ್ಲಿ ಅದು ನೇರ ಕೆಳಗೆ ಇಳಿಯದು. ಒಳಗಿನ ಸಣ್ಣ ಪೈಪಿನಲ್ಲಿ ಮೇಲೇರಿ, ಪಾತ್ರೆ ತಿರುಗುವ ಅಚ್ಚಿನ ಮೂಲಕ ಟ್ರ್ಯಾಪ್‌ಗೆ ಬರುತ್ತದೆ. ಆ ಪೈಪಿನಲ್ಲಿ ಹಬೆ ಸಿಕ್ಕಿಕೊಂಡರೆ ಟ್ರ್ಯಾಪ್ ಬಾಯಿ ಮುಚ್ಚಿಕೊಳ್ಳುತ್ತದೆ, ಹಿಂದೆ ನೀರು ನಿಲ್ಲುತ್ತದೆ. ಗೇಜ್ 2 ಬಾರ್ ತೋರಿಸುತ್ತಿದ್ದರೂ ಹುಳಿ ಮೇಲಂಚಿನಲ್ಲಷ್ಟೇ ಗುಳುಗುಳು ಎನ್ನುತ್ತದೆ, ತಳ ತಣ್ಣಗೆ. ಮುಕ್ಕಾಲು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಹೋಗುತ್ತದೆ, ಊಟದ ಗಂಟೆ ಕಾಯುವುದಿಲ್ಲ.

ಮಾರಿದವರು ಕೊಟ್ಟಿದ್ದು ಡಿಸ್ಕ್ ಟ್ರ್ಯಾಪ್, ಒಳಗಿನ ಬಿಲ್ಲೆ ಎದ್ದು ಕೂತು ಬಿಟ್ಟುಬಿಟ್ಟು ನೀರು ಬಿಡುವಂಥದ್ದು. ಈ ಕೆಲಸಕ್ಕೆ ಅದು ತಪ್ಪು ಆಯ್ಕೆ, ಹೇಳಲೇಬೇಕು. ಬೇಕಾದದ್ದು ನೀರು ಬಂದಂತೆ ಒಳಗಿನ ಗುಂಡು ತೇಲಿ ಬಾಯಿ ತೆರೆಯುವ ಬಾಲ್ ಫ್ಲೋಟ್ ಟ್ರ್ಯಾಪ್, ಜೊತೆಗೆ ಸಿಕ್ಕಿಬಿದ್ದ ಹಬೆಯನ್ನು ಚೂರುಚೂರೇ ಬಿಡುವ ಸ್ಟೀಮ್ ಲಾಕ್ ರಿಲೀಸ್ ಸೂಜಿ ವಾಲ್ವ್. ಬದಲಿಸಿದ ಮೇಲೆ ಹುಳಿ ಮತ್ತೆ ಮುಕ್ಕಾಲು ಗಂಟೆಗೆ ಬಂತು. ಟ್ರ್ಯಾಪ್‌ಗೆ ನೀರು ಬರುವ ಕಡೆ ಕಸ ಹಿಡಿಯುವ ಜಾಲರಿ, ವೈ ಸ್ಟ್ರೇನರ್, ಇರಲಿ. ವಾರಕ್ಕೊಮ್ಮೆ ಹಬೆ ನಿಲ್ಲಿಸಿ, ಗೇಜ್ ಸೊನ್ನೆಗೆ ಇಳಿದು ಪೈಪ್ ಆರಿದ ಮೇಲೆ ಜಾಲರಿ ತೊಳೆಯಿರಿ. ಕಬ್ಬಿಣದ ಪೈಪಿನ ತುಕ್ಕು ರಾಶಿ ಬರುತ್ತದೆ.

ಒಗ್ಗರಣೆಗೆ ಬೇರೆ ಒಲೆ ಇಟ್ಟುಕೊಳ್ಳಲೇಬೇಕು. 134 ಡಿಗ್ರಿ ಎಣ್ಣೆಯಲ್ಲಿ ಸಾಸಿವೆ ಸಿಡಿಯದು.

ಪಾತ್ರೆ ಬರಿದಾದ ಕೂಡಲೇ ಬೆಚ್ಚಗಿನ ನೀರು ಹಾಕಿಡಿ, ಬೇಳೆ ಪೊರೆ ಕೈಗೇ ಎದ್ದು ಬರುತ್ತದೆ. ನೈಲಾನ್ ಉಜ್ಜುಗ ಸಾಕು. ಕಬ್ಬಿಣದ ನಾರು ತಾಗಿಸಿದರೆ ಸ್ಟೀಲ್ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ. ರಾತ್ರಿ ಹಬೆ ನಿಲ್ಲಿಸಿದ ಮೇಲೆ ಜಾಕೆಟ್‌ಗೆ ಗಾಳಿ ಬಿಡುವ ಏರ್ ಕಾಕ್ ತೆರೆದಿಡಿ. ಇಲ್ಲದಿದ್ದರೆ ಒಳಗಿನ ಹಬೆ ತಣಿದು ನಿರ್ವಾತವಾಗಿ, ನೀರು ಜಾಕೆಟ್‌ನಲ್ಲೇ ಉಳಿಯುತ್ತದೆ.

ದುಡ್ಡು ಬಿಗಿಯಿದ್ದರೆ 200ರ ಬದಲು 150 ಲೀಟರ್ ಪಾತ್ರೆ ಕೊಳ್ಳಿ, ಉಳಿದದ್ದನ್ನು ಒಳ್ಳೆಯ ಟ್ರ್ಯಾಪ್‌ಗೆ ಹಾಕಿ. ಆರ್ಡರ್ ಕೊಡುವಾಗಲೇ ಟ್ರ್ಯಾಪ್ ಯಾವ ಬಗೆಯದು ಎಂದು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.