ಒಣ ಚರ್ಮಕ್ಕೆ ತೆಂಗಿನೆಣ್ಣೆಯೋ, ಪೆಟ್ರೋಲಿಯಂ ಜೆಲ್ಲಿಯೋ?

ಮಂಗಳೂರಿನ ಸೆಕೆಯಲ್ಲೂ ಚರ್ಮ ಒಣಗುತ್ತದಾ ಅಂತ ಘಟ್ಟದ ಮೇಲಿನವರು ಕೇಳುತ್ತಾರೆ. ದಿನವಿಡೀ ಎಸಿ ಕೆಳಗೆ ಕೂತು, ಬೆವರೆಂದು ಎರಡೆರಡು ಸಲ ಸೋಪು ಹಚ್ಚಿ ಮಿಂದರೆ ಒಣಗದೆ ಇನ್ನೇನು?

ಕೈಕಾಲಿಗೆ ಮನೆಯ ತೆಂಗಿನೆಣ್ಣೆಯೇ ಸಾಕು. ಸುಲಭವಾಗಿ ಹರಡುತ್ತದೆ, ಚರ್ಮ ಮೆದುವಾಗುತ್ತದೆ. ಮೊಡವೆ ಏಳುವ ಮುಖಕ್ಕೆ ಮಾತ್ರ ಬೇಡ, ರಂಧ್ರ ಕಟ್ಟಬಹುದು. ಪರಿಮಳ ಸೇರಿಸಿದ ಕೂದಲೆಣ್ಣೆಯಂತೂ ಸೂಕ್ಷ್ಮ ಚರ್ಮದ ಹತ್ತಿರವೂ ಬರಬಾರದು.

ಚರ್ಮದ ನೀರು ಆರದಂತೆ ತಡೆಯುವುದರಲ್ಲಿ ಜೆಲ್ಲಿಯೇ ಮುಂದೆ. ಅಲರ್ಜಿ ಆಗುವುದೂ ಅಪರೂಪ. ಆದರೆ ಅದು ತಾನಾಗಿ ತೇವ ಕೊಡುವುದಿಲ್ಲ, ಇರುವುದನ್ನು ಹಿಡಿದಿಡುತ್ತದೆ ಅಷ್ಟೇ. ಹಾಗಾಗಿ ಮಿಂದು ಬಂದ ಕೂಡಲೇ, ಮೈಯಲ್ಲಿ ಸ್ವಲ್ಪ ಪಸೆ ಇರುವಾಗಲೇ ತೆಳ್ಳಗೆ ಹಚ್ಚಬೇಕು. ಏಪ್ರಿಲ್ ಸೆಕೆಗೆ ಮೈಯೆಲ್ಲ ಹಚ್ಚಿದರೆ ಅಂಟಂಟು, ಅಂಗಿ ಹಾಕಲಿಕ್ಕೂ ಮನಸ್ಸಾಗದು.

ತುಟಿಗೆ? ಇಲ್ಲಿ ನನಗೆ ಅನುಮಾನವೇ ಇಲ್ಲ, ಪರಿಮಳವಿಲ್ಲದ ಜೆಲ್ಲಿ. ಮೆಂಥಾಲ್, ಕರ್ಪೂರ ಇರುವ ಲಿಪ್ ಬಾಮ್ ಹಚ್ಚಿದಾಗ ತಣ್ಣಗೆ ಅನ್ನಿಸುತ್ತದೆ ನಿಜ, ಆದರೆ ಉರಿಯುವ ತುಟಿಯನ್ನು ಇನ್ನಷ್ಟು ಕೆರಳಿಸಬಹುದು. ನಾಲಿಗೆಯಿಂದ ಸವರುವ ಅಭ್ಯಾಸ ಬಿಡದಿದ್ದರೆ ಏನು ಹಚ್ಚಿಯೂ ಸುಮ್ನೆ. ಪಣಂಬೂರು, ಮಲ್ಪೆ ಬೀಚಿಗೆ ಹೊರಟರೆ ಮಾತ್ರ ಎಸ್‌ಪಿಎಫ್ 30 ಇರುವ ಬಾಮ್ ಬೇಕು. ಬಿಸಿಲು ತಡೆಯುವುದು ಜೆಲ್ಲಿಯ ಕೆಲಸವಲ್ಲ, ಎಣ್ಣೆಯದೂ ಅಲ್ಲ. ಎರಡು ಮೂರು ವಾರವಾದರೂ ತುಟಿ ಒಡೆಯುವುದು ನಿಲ್ಲದಿದ್ದರೆ ಟೂತ್‌ಪೇಸ್ಟ್ ಮೇಲೂ ಸಂಶಯ ಪಡಿ, ಚರ್ಮದ ಡಾಕ್ಟರಿಗೆ ತೋರಿಸಿ.